ದೋಣಿಯವಳ ಪಾಡೇನಾಯಿತು

ಆ ಕಾದಂಬರಿಯ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನಮ್ಮ ಕಾಲೇಜಿನ ಅರ್ಧ ಮಕ್ಕಳು ನನ್ನ ಜೊತೆ ಮಾತು ಬಿಡುತ್ತಾರೆ. ನಂಜನಗೂಡಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ನನ್ನ ಕೆಲಸ. ಗೈಡು ಬಿಟ್ಟು ಇನ್ನೇನನ್ನೂ ಮುಟ್ಟದ ಹುಡುಗರು, ಮೊಬೈಲು ಬಿಟ್ಟು ಇನ್ನೆಲ್ಲೂ ಕಣ್ಣು ಹಾಯಿಸದ ಹುಡುಗಿಯರು ಈ ಒಂದು ಪುಸ್ತಕಕ್ಕೆ ಮಾತ್ರ ನನ್ನ ಮೇಜಿನ ಮುಂದೆ ಕಿತ್ತಾಡುತ್ತಿದ್ದರು. ಇಂಗ್ಲಿಷಿನದು, ಇಟ್ಟಿಗೆಯಷ್ಟು ದಪ್ಪದ ಮೂರು ಸಂಪುಟ. ಗಡೀಪಾರಾದ ರಾಜಕುಮಾರ, ರೆಕ್ಕೆ ಬಂದ ಸರ್ಪಗಳು, ಬೆಂಕಿ ಕಾಯುವ ಮಂತ್ರವಾದಿಗಳು, ಮೊದಲ ಹಾಳೆಯಲ್ಲೇ ಎಲ್ಲೂ ಇಲ್ಲದ ದೇಶದ ಭೂಪಟ. ಹೊಸ ಪುಸ್ತಕಗಳ ಮೇಲೆ ನನಗೆ ಮೊದಲಿಂದ ಅನುಮಾನ ಜಾಸ್ತಿ. ಅಂಥದ್ದೇನಿದೆ ಇದರಲ್ಲಿ ಎಂದು ಬೈಯುವುದಕ್ಕಾಗಿಯೇ ಮೊದಲ ಸಂಪುಟ ತೆರೆದೆ.

ಬೈಯಲಾಗಲಿಲ್ಲ. ಮೊದಲ ಅಧ್ಯಾಯದಲ್ಲಿ ರಾಜಕುಮಾರ ಪ್ರಾಣ ಉಳಿಸಿಕೊಳ್ಳಲು ಓಡಿ ಬಂದು ಒಂದು ಹೊಳೆಯ ದಡ ಮುಟ್ಟುತ್ತಾನೆ. ಬೆನ್ನ ಹಿಂದೆ ಸೈನಿಕರು. ಅಂಬಿಗರೆಲ್ಲ ಮುಖ ತಿರುಗಿಸುತ್ತಾರೆ. ಆಗ ಒಬ್ಬ ಹೆಂಗಸು, ಗುಡಿಸಲಲ್ಲಿ ಮಲಗಿರುವ ಮೊಲೆಗೂಸನ್ನು ಅಲ್ಲೇ ಬಿಟ್ಟು, ದೋಣಿ ಬಿಚ್ಚುತ್ತಾಳೆ. ಆಚೆ ದಡದಲ್ಲಿ ಅವನು ಇಳಿದಾಗ, "ನೀನು ಸೋತು ಓಡಿ ಬಂದರೆ ದಾಟಿಸೋರು ಬೇಕಲ್ಲ, ನೀನು ಬರುವ ತನಕ ದೋಣಿ ಇಲ್ಲೇ ಇರುತ್ತದೆ" ಎನ್ನುತ್ತಾಳೆ. ಅವನು ಕಾಡಿನೊಳಗೆ ಹೋಗುತ್ತಾನೆ. ಅವಳು ಹುಟ್ಟು ಹಿಡಿದು ನಿಂತಿರುತ್ತಾಳೆ. ಅಷ್ಟೇ ಅಧ್ಯಾಯ. ಕಪಾಟಿನ ಪಕ್ಕದಲ್ಲಿ ನಿಂತೇ ಓದಿದೆ. ಅಟೆಂಡರ್ ಬಂದು ಕಿಟಕಿ ಹಾಕಿದ ಸದ್ದಿಗೆ ಎಚ್ಚರವಾಯಿತು.

ಆ ವಾರ ನಾನು ಪುಸ್ತಕವನ್ನು ಬ್ಯಾಗಿನಲ್ಲಿ ಹಾಕಿಕೊಂಡೇ ಊರಿಗೆ ಹೋದೆ. ಊರೆಂದರೆ ನನ್ನ ಗಂಡನ ಊರು, ನರಸೀಪುರ ದಾಟಿ ಮೂಗೂರಿನ ಕಡೆ ಹೋಗುವ ದಾರಿಯಲ್ಲಿ, ನಾಲೆಯ ಕೆಳಗೆ. ಅಲ್ಲಿ ನನ್ನ ಅತ್ತೆ ಮೈದುನನ ಸಂಸಾರದ ಜೊತೆ ಇದ್ದಾರೆ. ಭಾನುವಾರಗಳಲ್ಲಿ ನಾವು ಹೋಗಿ ಬರುವುದು ವಾಡಿಕೆ. ನಾನು ನಂಜನಗೂಡಿನ ಪೇಟೆ ಬೀದಿಯಲ್ಲಿ ಹುಟ್ಟಿದವಳು. ಮದುವೆಯಾಗಿ ಬಂದ ಹೊಸದರಲ್ಲಿ ಗದ್ದೆಗೆ ಇಳಿಯಲು ಹೋದಾಗ ಅತ್ತೆ, "ಬ್ಯಾಡ ಕಣವ್ವ, ಕೆಸರು, ನೀನು ದಡದಲ್ಲೇ ಕೂತ್ಕೋ" ಎಂದಿದ್ದರು. ಪ್ರೀತಿಯಿಂದಲೇ ಅಂದದ್ದು. ಆದರೂ ಅಂದಿನಿಂದ ನಾನು ಬದುವಿನ ಮೇಲೆ ಕೂತವಳೇ. ನನಗೂ ಅವರಿಗೂ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಸಾರಿಗೆ ಉಪ್ಪು ಸಾಕಾ, ಬಸ್ಸು ಸಿಕ್ಕಿತಾ, ಇಷ್ಟರಲ್ಲೇ ನಮ್ಮ ಸಂಬಂಧ ತಣ್ಣಗೆ ಸಾಗಿತ್ತು.

ಆ ಭಾನುವಾರ ಜಗಲಿಯ ಮೇಲೆ ಓದುತ್ತ ಕೂತಿದ್ದೆ. ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಬಗ್ಗಿ ನೋಡಿದರು.

"ಏನವ್ವ ಅದು, ಅಷ್ಟ್ ದಪ್ಪ?"

"ಕತೆ ಅತ್ತೆ."

"ಇಷ್ಟೂ ಒಂದೇ ಕತೆಯಾ? ಏನಂತೆ?"

ಹೇಳಿದೆ. ದೋಣಿಯವಳು ಹುಟ್ಟು ಹಿಡಿದು ನಿಲ್ಲುವವರೆಗೂ ಹೇಳಿದೆ. ಅತ್ತೆಯ ಕೈ ನಿಂತುಹೋಯಿತು.

"ಕೂಸು?"

"ಅಂ?"

"ಗುಡ್ಲಲ್ಲಿ ಮಲಗ್ಸಿದ್ಲಲ್ಲ, ಆ ಕೂಸು. ಎದ್ದು ಅತ್ರೆ ಯಾರ್ ನೋಡ್ಕತಾರೆ?"

ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ರಾಜಕುಮಾರನ ಹಿಂದೆ ಕಾಡಿಗೆ ಹೋಗಿಬಿಟ್ಟಿದ್ದೆ. "ಮುಂದೆ ಬರುತ್ತೆ ಅತ್ತೆ, ಇನ್ನೂ ಓದಬೇಕು" ಎಂದೆ.

ಇಲ್ಲಿ ಅತ್ತೆಯ ಕಸುಬನ್ನು ಹೇಳಬೇಕು. ಅವರು ಆ ಬಯಲಿನ ಕತೆಗಾರ್ತಿ. ನಮ್ಮ ಕಡೆ ನಾಟಿಗೂ ಕಳೆಗೂ ಹೆಂಗಸರು ಮುಯ್ಯಾಳಾಗಿ ಬರುತ್ತಾರೆ, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಆ ಸಾಲಿನಲ್ಲಿ ಕತೆ ಹೇಳುವವಳು ಒಬ್ಬಳಿದ್ದರೆ, ಅವಳ ಪಾಲಿನ ಪೈರನ್ನು ಅಕ್ಕಪಕ್ಕದವರು ನೆಡುತ್ತಾರೆ, ಅವಳ ಸಾಲಿನ ಕಳೆಯನ್ನು ಅಕ್ಕಪಕ್ಕದವರು ಕೀಳುತ್ತಾರೆ. ಯಾರೂ ಯಾರಿಗೂ ಹೇಳಿ ಮಾಡುವುದಲ್ಲ. ಎಡಗಡೆಯವಳ ಕೈ ಇತ್ತ ಬರುತ್ತದೆ, ಬಲಗಡೆಯವಳ ಕೈ ಅತ್ತ ಹೋಗುತ್ತದೆ, ನಡುವಿನವಳ ಬಾಯಿ ಆಡುತ್ತಿರುತ್ತದೆ. ಅತ್ತೆಗೆ ಸೊಂಟ ಬಿದ್ದು ಎಷ್ಟೋ ವರ್ಷವಾಯಿತು. ಬಗ್ಗಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಕೋಲು ಹಿಡಿದು ನೆಟ್ಟಗೆ ಕೆಸರಲ್ಲಿ ನಡೆಯುತ್ತಾರೆ, ಸಾಲು ಅವರ ಜೊತೆ ಬಗ್ಗಿಕೊಂಡು ನಡೆಯುತ್ತದೆ. ಬಯಲಲ್ಲೆಲ್ಲ ಕಳೆನಾಶಕ ಬಂದರೂ ನಮ್ಮ ಗದ್ದೆಗೆ ಬಂದಿಲ್ಲ. ಔಷಧಿ ಹೊಡೆದರೆ ನಮ್ಮವ್ವನ ಬಾಯಿಗೆ ಬೀಗ ಬೀಳುತ್ತದೆ ಎಂದು ನನ್ನ ಗಂಡ ರೇಗಿಸುತ್ತಾನೆ.

ಇದಕ್ಕೊಂದು ಕಟ್ಟುಪಾಡೂ ಇದೆ. ಒಂದು ಗದ್ದೆಯಲ್ಲಿ ನಾಟಿಯ ದಿನ ತೆಗೆದ ಕತೆ ಆ ಗದ್ದೆಯಲ್ಲೇ, ಕೊನೆಯ ಕಳೆ ಮುಗಿಯುವುದರೊಳಗೆ ಮುಗಿಯಬೇಕು. ಪಕ್ಕದವರ ಗದ್ದೆಗೆ ಅದನ್ನು ಕೊಂಡೊಯ್ಯುವಂತಿಲ್ಲ. ಕೊನೆಯ ಕಳೆ ಆದ ಮೇಲೆ ಪೈರಿನೊಳಗೆ ತೆನೆ ಮೂಡಿ ಹೊಡೆ ಬರುವ ಕಾಲ, ಕೊಯ್ಲಿನ ತನಕ ಯಾರೂ ಇಳಿಯುವುದಿಲ್ಲ. ಕತೆ ಅರ್ಧಕ್ಕೆ ನಿಂತರೆ ಪೈರು ಅದನ್ನೇ ಕಾಯುತ್ತ ಕಾಳು ಕಟ್ಟುವುದನ್ನು ಮರೆತು ಜೊಳ್ಳಾಗುತ್ತದೆ ಎನ್ನುತ್ತಾರೆ. ಹೆಂಗಸರು ಇದನ್ನು ನಗುತ್ತಲೇ ಹೇಳುತ್ತಾರೆ, ಆದರೆ ಅರ್ಧಕ್ಕೆ ಬಿಡುವ ಧೈರ್ಯ ಯಾರಿಗೂ ಇಲ್ಲ. ಅತ್ತೆ ತಮ್ಮ ಜೀವಮಾನದಲ್ಲಿ ಒಂದು ಕತೆಯನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಅವರ ಮಾನವೆಲ್ಲ ಇದ್ದದ್ದು ಅದರಲ್ಲೇ. ಕೊನೆ ಗೊತ್ತಿಲ್ಲದ ಕತೆಯನ್ನು ಅವರು ತೆಗೆಯುತ್ತಲೇ ಇರಲಿಲ್ಲ.

ಆ ವರ್ಷ ತೆಗೆದರು. ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ನಾಟಿ ಮುಗಿದಿತ್ತು, ದೋಣಿಯವಳು ಗದ್ದೆಗೆ ಇಳಿದಾಗಿತ್ತು. ಬ್ಯಾಗನ್ನೂ ಇಳಿಸದೆ ಅತ್ತೆಯ ಹತ್ತಿರ ಹೋದೆ.

"ಅತ್ತೆ, ನಾನೇ ಇನ್ನೂ ಓದಿ ಮುಗಿಸಿಲ್ಲ. ಕೊನೆ ಏನಂತ ನಂಗೇ ಗೊತ್ತಿಲ್ಲ."

"ಅದ್ಕೇನವ್ವ? ಅಚ್ಚಾಗಿರೋ ಕತೆಗೆ ಕೊನೆ ಇಲ್ದೆ ಇದ್ದದಾ? ನೀನು ಓದು, ನಾನು ಏಳ್ತೀನಿ."

ಅಚ್ಚಾದದ್ದರ ಮೇಲೆ ಅವರಿಗೆ ಅಷ್ಟು ನಂಬಿಕೆ. ಲೈಬ್ರರಿಯಲ್ಲಿ ಕೆಲಸ ಮಾಡುವ ನನಗೆ ಅಷ್ಟಿಲ್ಲ, ಆದರೂ ಓದಲು ಒಪ್ಪಿದೆ.

ಅಲ್ಲಿಂದ ಶುರುವಾಯಿತು ನಮ್ಮ ಅತ್ತೆ-ಸೊಸೆಯರ ಸಂಸಾರ. ವಾರವೆಲ್ಲ ನಂಜನಗೂಡಿನಲ್ಲಿ ಓದುತ್ತಿದ್ದೆ, ಮಧ್ಯಾಹ್ನದ ಬಿಡುವಿನಲ್ಲಿ, ಕುಕ್ಕರ್ ಕೂಗುವ ಮಧ್ಯೆ. ಭಾನುವಾರ ಬಸ್ಸು ಹತ್ತಿ ಊರಿಗೆ ಹೋಗಿ ಒಪ್ಪಿಸುತ್ತಿದ್ದೆ. ನಮ್ಮ ಕಪಿಲೆ ಹರಿದುಹೋಗಿ ನರಸೀಪುರದಲ್ಲಿ ಕಾವೇರಿಗೆ ಸೇರುತ್ತಾಳಲ್ಲ, ನನ್ನ ಕತೆಯೂ ಹಾಗೆಯೇ ಅಲ್ಲಿ ಹೋಗಿ ಸೇರಿ ದೊಡ್ಡದಾಗುತ್ತಿತ್ತು. ಅತ್ತೆ ಕೇಳುತ್ತಿದ್ದ ರೀತಿಯೇ ಬೇರೆ. ನಡುವೆ ಹೂಂ ಎನ್ನುತ್ತಿರಲಿಲ್ಲ. ಕೊನೆಗೆ ಎರಡೋ ಮೂರೋ ಪ್ರಶ್ನೆ ಕೇಳುತ್ತಿದ್ದರು, ಅವು ನೇರವಾಗಿ ಒಲೆಗೋ ತೊಟ್ಟಿಲಿಗೋ ಹೋಗುತ್ತಿದ್ದವು. ಅಷ್ಟು ಸೈನ್ಯಕ್ಕೆ ಅಡುಗೆ ಯಾರು ಮಾಡಿದರು? ರೆಕ್ಕೆ ಹಾವು ಮೊಟ್ಟೆ ಇಟ್ಟರೆ ಕಾವು ಎಲ್ಲಿ ಕೂರುತ್ತದೆ? ಭೂಪಟ ತೋರಿಸಿದರೆ ಬೆರಳಿಟ್ಟು ನದಿಯ ಜೊತೆ ನಡೆದು, "ಈ ಒಳೆ ಯಾವ್ದನ್ನೂ ಸೇರ್ನೇ ಇಲ್ವಲ್ಲವ್ವ, ಒಂಟಿ ಒಳೆ" ಎಂದರು. ನೋಡಿದೆ. ನಿಜ, ಪುಟದ ಅಂಚಿಗೆ ಹೋಗಿ ಮುಗಿದುಹೋಗಿತ್ತು.

ಮೊದಲನೇ ಕಳೆಯ ಹೊತ್ತಿಗೆ ಒಂದು ದಿನ ಬದುವಿನ ಮೇಲೆ ಕೂತು ಅವರು ಹೇಳುವುದನ್ನು ಕೇಳಿದೆ. ನಾನು ಕೊಟ್ಟ ಕತೆಯೇ, ಆದರೆ ನನಗೆ ಗುರುತು ಸಿಗಲಿಲ್ಲ. ಮಂತ್ರವಾದಿಗಳ ಸಭೆ ನಮ್ಮೂರ ಪಂಚಾಯಿತಿಯಾಗಿತ್ತು, ಬೈಗುಳವೂ ನಮ್ಮೂರದ್ದೇ. ಸರ್ಪ ಮೇಲೆ ಹಾರಿತು ಎನ್ನುವಾಗ ಅತ್ತೆ ಕೋಲೆತ್ತಿದರು, ಸಾಲಿನವರೆಲ್ಲ ಬಗ್ಗಿದಲ್ಲಿಂದಲೇ ಕತ್ತು ತಿರುಗಿಸಿ ಆಕಾಶ ನೋಡಿದರು. ನಾನೂ ನೋಡಿದೆ. ಒಂದು ಕೊಕ್ಕರೆ ಹೋಗುತ್ತಿತ್ತು. ಆ ಕ್ಷಣ ಅದು ಕೊಕ್ಕರೆಯೆಂದು ನಂಬಲು ನನಗೆ ಕಷ್ಟವಾಯಿತು, ದೇವರಾಣೆಗೂ. ಮತ್ತು ದಿನದ ಕತೆ ನಿಲ್ಲಿಸುವಾಗಲೆಲ್ಲ ಅವರು ಒಂದು ಮಾತು ಸೇರಿಸುತ್ತಿದ್ದರು, ಪುಸ್ತಕದಲ್ಲಿಲ್ಲದ ಮಾತು: "ಅವ್ಳು ಮಾತ್ರ ಅಲ್ಲೇ ನಿಂತವ್ಳೆ. ಕೂಸು ಈ ದಡದಲ್ಲಿ, ಅವ್ಳು ಆ ದಡದಲ್ಲಿ." ಹೆಂಗಸರು ಸೊಂಟ ನೆಟ್ಟಗೆ ಮಾಡಿಕೊಂಡು ನಿಟ್ಟುಸಿರು ಬಿಡುತ್ತಿದ್ದರು. ರಾಜಕುಮಾರ ಬದುಕಲಿ ಸಾಯಲಿ, ಅವರಿಗೆ ಬೇಕಾಗಿದ್ದದ್ದು ಅವಳು.

ನನಗೂ ಅಷ್ಟೇ ಆಗಿಹೋಯಿತು. ಎರಡನೇ ಸಂಪುಟದಲ್ಲಿ ಅವಳು ಬರಲಿಲ್ಲ. ದೊಡ್ಡ ಲೇಖಕ, ಕೊನೆಗೆ ಎತ್ತಿಟ್ಟಿದ್ದಾನೆ ಎಂದುಕೊಂಡೆ. ಎಷ್ಟು ಚೆನ್ನಾಗಿ ಅಡಗಿಸಿಟ್ಟಿದ್ದಾನಲ್ಲ ಎಂದು ಮೆಚ್ಚಿದ್ದೂ ಉಂಟು.

ಮೂರನೇ ಸಂಪುಟ ಮುಗಿದದ್ದು ಒಂದು ಶನಿವಾರ ಮಧ್ಯಾಹ್ನ, ಲೈಬ್ರರಿಯಲ್ಲಿ. ಊರಲ್ಲಿ ಎರಡನೇ ಕಳೆ ನಡೆಯುತ್ತಿತ್ತು, ಅದೇ ಕೊನೆಯದು, ಸೋಮವಾರಕ್ಕೆ ಮುಗಿಯುತ್ತದೆ ಎಂದು ಮೈದುನ ಫೋನು ಮಾಡಿದ್ದ. ಯುದ್ಧವೆಂದರೆ ಯುದ್ಧ, ಪುಟಗಟ್ಟಲೆ. ಬೆಟ್ಟಗಳು ಕರಗಿದವು, ಸರ್ಪಗಳು ಸತ್ತವು, ರಾಜಕುಮಾರ ರಾಜನಾದ. ಸಿಂಹಾಸನದ ಮೇಲೆ ಕೂತು ತನಗೆ ನೆರವಾದವರನ್ನೆಲ್ಲ ಹೆಸರು ಹಿಡಿದು ಕರೆದು ಉಡುಗೊರೆ ಕೊಟ್ಟ. ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ಓದಿದೆ. ಕುದುರೆಗೂ ಒಂದು ಉಡುಗೊರೆ ಸಿಕ್ಕಿತು. ಅವಳು ಬರಲಿಲ್ಲ. ಮುಂದಿನ ಪುಟ ತಿರುಗಿಸಿದರೆ ಖಾಲಿ ಹಾಳೆ, ಆಮೇಲೆ ರಟ್ಟು.

ತಪ್ಪಿಸಿಕೊಂಡಿರಬೇಕೆಂದು ಹಿಂದಕ್ಕೆ ಹೋಗಿ ಹುಡುಕಿದೆ. ಮೂರೂ ಸಂಪುಟ ಮೇಜಿನ ಮೇಲೆ ಹರಡಿಕೊಂಡು ಹುಡುಕಿದೆ. ಇಲ್ಲ. ಲೇಖಕ ಅವಳನ್ನು ಉದ್ದೇಶಪೂರ್ವಕವಾಗಿ ಬಿಟ್ಟಿದ್ದರೆ ಒಂದು ಗುರುತಾದರೂ ಇರುತ್ತಿತ್ತು. ಅವನು ಮರೆತಿದ್ದ, ಅಷ್ಟೇ. ನಾನು ಪುಸ್ತಕವನ್ನು ಎಷ್ಟು ಜೋರಾಗಿ ಕುಕ್ಕಿದೆನೆಂದರೆ ಎದುರಿಗೆ ಕೂತಿದ್ದ ಹುಡುಗಿಯೊಬ್ಬಳು ಬೆಚ್ಚಿಬಿದ್ದು, "ಮೇಡಂ, ಎಂಡಿಂಗ್ ಸೂಪರ್ ಅಲ್ವಾ?" ಎಂದಳು.

"ದೋಣಿಯವಳು ಏನಾದ್ಲಮ್ಮ?" ಎಂದೆ.

"ಯಾರು ಮೇಡಂ?"

ಅವಳಿಗೂ ನೆನಪಿರಲಿಲ್ಲ. ನನಗೆ ಅಳು ಬಂತು, ಸಿಟ್ಟಿನ ಅಳು. ಮನೆಗೆ ಬಂದು ಗಂಡನ ಮೇಲೆ ಹಾಯ್ದೆ. "ಅವನು ಯಾವ ದೇಶದಲ್ಲೋ ಕೂತು ಮರೆತದ್ದಕ್ಕೆ ನನ್ನ ಮೇಲೆ ಯಾಕೆ ಕೂಗಾಡ್ತೀಯ?" ಎಂದು ಅವನು ನಕ್ಕ. ಆಮೇಲೆ ಸೋಮವಾರದ ನೆನಪಾಗಿ ಅವನ ನಗುವೂ ನಿಂತಿತು. "ಅವ್ವ ಏನ್ಮಾಡ್ತಾಳೆ ಈಗ?" ಎಂದ.

ಮಾರನೇ ದಿನ ಬಸ್ಸಿನಲ್ಲಿ ನಾನೇ ಒಂದು ಕೊನೆ ಕಟ್ಟಲು ನೋಡಿದೆ. ಪುಸ್ತಕದಲ್ಲೇ ಇತ್ತು ಎಂದು ಹೇಳಿಬಿಡುವುದು, ಯಾರು ಬಂದು ತೆಗೆದು ನೋಡುತ್ತಾರೆ? ರಾಜ ಪಲ್ಲಕ್ಕಿ ಕಳಿಸಿದ ಎನ್ನಲೇ? ಕಿಟಕಿಯಾಚೆ ಕಬ್ಬು, ಭತ್ತ, ತೆಂಗು ಓಡುತ್ತಿದ್ದವು, ನನ್ನ ಪಲ್ಲಕ್ಕಿ ಮಾತ್ರ ಕದಲಲಿಲ್ಲ. ಊರಿನ ಸ್ಟಾಪಿನಲ್ಲಿ ಇಳಿಯುವಷ್ಟರಲ್ಲಿ, ಅತ್ತೆಗೆ ಸುಳ್ಳು ಹೇಳುವುದು ನನ್ನಿಂದಾಗದು ಎಂದು ಗೊತ್ತಾಗಿತ್ತು.

ಅತ್ತೆ ಆಗಷ್ಟೇ ಗದ್ದೆಯಿಂದ ಬಂದು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದರು. ಅಲ್ಲೇ ಹೇಳಿದೆ. ಅವರು ಚೊಂಬು ಕೆಳಗಿಟ್ಟರು.

"ಮರ್ತುಬುಟ್ನಾ?"

"ಹೂಂ ಅತ್ತೆ."

"ಇಷ್ಟ್ ದಪ್ಪ ಬರ್ದು?"

ನಾನು ಲೇಖಕನನ್ನು ಬಾಯಿಗೆ ಬಂದಂತೆ ಬೈದೆ. ಅಂಥವನು ಪೆನ್ನು ಮುಟ್ಟಬಾರದೆಂದೆ. ಅತ್ತೆ ನನ್ನ ಜೊತೆ ಬೈಯುತ್ತಾರೆಂದು ಕಾದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡರು.

"ಪಾಪ," ಎಂದರು. "ಅವ್ನ ಸಾಲು ಕೀಳೋರು ಯಾರೂ ಇರ್ನಿಲ್ವೇನೋ. ಅಷ್ಟುದ್ದ ಕತೇನ ಒಬ್ನೇ ಕೂತು ಏಳ್ಬೇಕು ಅಂದ್ರೆ ಸುಸ್ತಾಗಕಿಲ್ವಾ? ಪಕ್ಕದಲ್ಲಿ ಯಾರಾರ ಇದ್ದಿದ್ರೆ, ಅಯ್ಯೋ ಅವ್ಳೆಲ್ಲೋದ್ಲು ಅಂತ ಕೇಳೋರು."

ನಾನು ದಂಗಾದೆ. ಇಷ್ಟು ವರ್ಷ ಪುಸ್ತಕಗಳ ನಡುವೆ ಕೂತಿದ್ದೇನೆ, ಬರೆಯುವವನ ಪಕ್ಕ ಯಾರೂ ಇರುವುದಿಲ್ಲ ಎಂಬುದು ನನಗೆ ಒಮ್ಮೆಯೂ ಕಷ್ಟವಾಗಿ ಕಂಡಿರಲಿಲ್ಲ. ಸಿಟ್ಟು ಇಳಿಯಿತು. ಭಯ ಉಳಿಯಿತು.

"ನಾಳೆ ಏನ್ ಹೇಳ್ತೀರಿ ಅತ್ತೆ?"

"ಇದ್ದದ್ದು ಏಳ್ತೀನಿ. ನೀನೂ ಬಾ."

ಸೋಮವಾರ ರಜೆ ಹಾಕಿದೆ. ಕೊನೆಯ ತುಂಡು ಗದ್ದೆ ಉಳಿದಿತ್ತು, ನಾಲೆಯ ಪಕ್ಕದ್ದು. ಹೆಂಗಸರು ಸೀರೆ ಎತ್ತಿಕಟ್ಟಿ ಸಾಲು ನಿಂತರು. ಅತ್ತೆ ನಡುವೆ ಕೋಲು ಹಿಡಿದು ನಿಂತರು. ನಾನು ಬದುವಿನ ಮೇಲೆ, ನನ್ನ ಜಾಗದಲ್ಲಿ. ಮೂಗೂರಿನಿಂದ ಸೊಸೆಯಾಗಿ ಬಂದ ಒಬ್ಬಾಕೆಯ ಬಾಯಿ ಬಲು ಜೋರು. ಅವಳೇ ಶುರು ಮಾಡಿದಳು.

"ಏನಕ್ಕ, ಇವತ್ತಾದ್ರೂ ಅವಳ್ನ ಮನೆ ಸೇರುಸ್ತೀಯೋ ಇಲ್ವೋ? ಕೂಸು ಅತ್ತೂ ಅತ್ತೂ ಗಂಟ್ಲು ಒಣಗೋಯ್ತು."

"ಇಲ್ ಕೇಳ್ರವ್ವ," ಎಂದರು ಅತ್ತೆ. ಅವರ ದನಿ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಆ ಪುಸ್ತ್ಕ ಬರ್ದೋನು ಅವಳ್ನ ಮರ್ತುಬುಟ್ಟವ್ನೆ. ಕೊನೆ ತಿಳ್ಕಳ್ದೆ ಕತೆ ತೆಗ್ದಿದ್ದು ನನ್ ತಪ್ಪು."

ಸಾಲಿನ ಕೈಗಳೆಲ್ಲ ನಿಂತವು.

"ಅವ್ನ್ ಮನೆ ಕಾಯೋಗ," ಎಂದು ಶಪಿಸಿದಳು ಮೂಗೂರಿನವಳು. "ಆ ದಡದಲ್ಲೇ ಬುಟ್ಬುಟ್ನಾ?"

"ಆ ದಡದಲ್ಲೇ."

ಯಾರೂ ಜೊಳ್ಳಿನ ಮಾತೆತ್ತಲಿಲ್ಲ, ಆದರೆ ಎಲ್ಲರೂ ಒಂದು ಗಳಿಗೆ ಪೈರಿನ ಕಡೆ ನೋಡಿದರು. ಆಮೇಲೆ ನಡೆದದ್ದಕ್ಕೆ ನಾನು ಸಿದ್ಧಳಾಗಿರಲಿಲ್ಲ. ಅತ್ತೆ ಬದುವಿನ ಕಡೆ ತಿರುಗಿ, "ಅವ್ಳ ಮೊಕ ಕಂಡೋಳು ನೀನೊಬ್ಳೇ ಕಣವ್ವ. ನೀನೇ ಏಳು" ಎಂದರು.

"ನಂಗೆ ಬರಲ್ಲ ಅತ್ತೆ."

"ದಡದಲ್ಲಿ ಕೂತ್ಕಂಡ್ರೆ ಯಾರ್ಗೂ ಬರಕಿಲ್ಲ. ಇಳಿ."

ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಅವರು ಇಳಿ ಎಂದದ್ದು. ಚಪ್ಪಲಿ ಬಿಟ್ಟು, ನೆರಿಗೆ ಎತ್ತಿ ಸಿಕ್ಕಿಸಿ ಇಳಿದೆ. ಕೆಸರು ಮೊಣಕಾಲಿನ ತನಕ ತಣ್ಣಗೆ ಹಿಡಿಯಿತು. ಸಾಲು ಸರಿದು ಅತ್ತೆಗೂ ಮೂಗೂರಿನವಳಿಗೂ ನಡುವೆ ನನಗೆ ಜಾಗ ಮಾಡಿತು. ಬಗ್ಗಿ ಒಂದು ಜೊಂಡು ಕಿತ್ತೆ, ಬೇರು ಬಿಡದೆ ಕೈಯಲ್ಲೇ ತುಂಡಾಯಿತು. ಇನ್ನೊಂದು ಕಿತ್ತೆ. ಬಾಯಿ ತಾನಾಗಿ ತೆರೆಯಿತು.

ಅವಳು ನಿಂತಿದ್ದಾಳೆ, ಎಂದೆ. ಹೊಗೆ ಕಾಣುತ್ತದೆ, ಯುದ್ಧ ಎಂದು ಗೊತ್ತಾಗುತ್ತದೆ. ಒಂದು ದಿನ ಕುರಿ ಕಾಯುವವನೊಬ್ಬ ಬಂದು, ನೀನು ದಾಟಿಸಿದವನು ರಾಜನಾದ, ಮೇಲುಗಡೆ ಎಲ್ಲೋ ಸೇತುವೆ ಕಟ್ಟಿಸಿದ, ಈಗ ಅದರ ಮೇಲೇ ಓಡಾಡುತ್ತಾನೆ ಎನ್ನುತ್ತಾನೆ.

"ಅಂಗಾರೆ ಇವ್ಳ ದೋಣಿ ಯಾರ್ಗೂ ಬ್ಯಾಡ," ಎಂದಳು ಸಾಲಿನ ತುದಿಯಲ್ಲಿದ್ದವಳು.

"ಬೇಡ."

"ಕೂಸ್ಗೆ ಅಕ್ಕಪಕ್ಕದೋರು ಆಲು ಕುಡ್ಸಿರ್ತಾರೆ," ಎಂದಳು ಇನ್ನೊಬ್ಬಳು, ತಾನೇ ಕುಡಿಸಿ ಬಂದವಳ ಹಾಗೆ. "ಬೆಳ್ದಿರ್ತದೆ ಅದು."

"ಬೆಳೆದಿದೆ," ಎಂದೆ. ಅವರು ಹೇಳಿದ ಗಳಿಗೆಗೆ ಅದು ಬೆಳೆದು ನಿಂತದ್ದು ನನಗೆ ಕಂಡಿತು. ಅವಳು ದೋಣಿ ಬಿಚ್ಚಲು ಹಗ್ಗ ಮುಟ್ಟುತ್ತಾಳೆ, ಎಂದೆ. ಹಗ್ಗ ಕೊಳೆತು ಲಡ್ಡಾಗಿ ಪುಡಿಯಾಗುತ್ತದೆ. ಹಲಗೆ ಮುಟ್ಟುತ್ತಾಳೆ, ಅದೂ ಹಾಗೆಯೇ.

"ಈಜ್ಲಿ," ಎಂದಳು ಮೂಗೂರಿನವಳು, ಅಪ್ಪಣೆ ಕೊಟ್ಟಂತೆ.

ಈಜಿದಳು. ನಡು ಹೊಳೆಯಲ್ಲಿ ಅವಳ ಕೈ ಸೋತಿತು. ಆಗ ಎದುರು ದಡದಿಂದ ಒಂದು ಹರಿಗೋಲು ಬರುವುದು ಕಂಡಿತು. ಒಳಗೊಬ್ಬ ಹುಡುಗಿ, ಗಟ್ಟಿ ತೋಳಿನವಳು. ಹುಟ್ಟನ್ನು ಚಾಚಿ ಹಿಡಿಯಲು ಕೊಟ್ಟಳು. ಎಳೆದು ಒಳಗೆ ಹಾಕಿಕೊಂಡಳು. ಗುರುತಿಲ್ಲದ ಮುಖವನ್ನು ನೋಡಿ, "ಯಾರವ್ವ ನೀನು? ಯಾವ ದಡಕ್ಕೆ ಬಿಡ್ಲಿ?" ಎಂದು ಕೇಳಿದಳು.

ಅಲ್ಲಿ ನಾನು ನಿಲ್ಲಿಸಿದೆ. ಇದೆಲ್ಲಿಂದ ಬಂತು ಎಂದು ನನಗೇ ಬೆರಗು. ಯಾವ ಪುಟದಲ್ಲೂ ಓದಿರಲಿಲ್ಲ, ಬಸ್ಸಿನಲ್ಲಿ ಹೊಳೆದಿರಲಿಲ್ಲ, ಒಬ್ಬಳೇ ಆಗಿದ್ದರೆ ಎಂದೂ ಹೊಳೆಯುತ್ತಿರಲಿಲ್ಲ. ಮೂಗೂರಿನವಳು ಕೆಸರುಗೈಯ ಹಿಂಬದಿಯಿಂದ ಕಣ್ಣು ಒರೆಸಿಕೊಂಡು, "ಏನಂದ್ಲು?" ಎಂದಳು.

"ಮನೆಗೆ ಅಂದಳು."

"ಸೇರುದ್ಲು," ಎಂದಳು ತುದಿಯವಳು. "ಸೇರುದ್ಲು ಬುಡು," ಎಂದು ಸಾಲಿಡೀ ಅಂದಿತು. ಎದುರಿಗೆ ಬದು ಬಂದಿತ್ತು. ಗದ್ದೆ ಮುಗಿದಿತ್ತು.

ಆಗ ಬಗ್ಗಿ ನೋಡಿದೆ. ಶುರುವಿನಲ್ಲಿ ಕಿತ್ತ ಆ ಎರಡು ಜೊಂಡು ಬಿಟ್ಟರೆ ನಾನು ಏನೂ ಕಿತ್ತಿರಲಿಲ್ಲ, ಅವೂ ಇನ್ನೂ ನನ್ನ ಕೈಯಲ್ಲೇ ಇದ್ದವು. ಹಿಂದೆ ತಿರುಗಿದರೆ ನನ್ನ ಸಾಲು ಆ ತುದಿಯಿಂದ ಈ ತುದಿಗೆ ಚೊಕ್ಕಟವಾಗಿತ್ತು, ಪೈರು ಮಾತ್ರ ನಿಂತಿತ್ತು. ಅತ್ತೆಯ ಕೋಲು ಎಲ್ಲೋ ಹಿಂದೆ, ನಾವು ಇಳಿದ ಜಾಗದಲ್ಲೇ, ಕೆಸರಲ್ಲಿ ನೆಟ್ಟಿತ್ತು. ಅತ್ತೆ ನನ್ನ ಎಡಕ್ಕೆ, ಬಗ್ಗಬಾರದ ಸೊಂಟ ಬಗ್ಗಿಸಿ, ನನ್ನ ಕಾಲ ಬುಡದ ಕೊನೆಯ ಕಳೆ ಕೀಳುತ್ತಿದ್ದರು.